ಹಳೇ ಟಾಟಾ ಮೊಬೈಲ್ ಪಿಕಪ್‌ಗೆ ಹತ್ತಿ ಕ್ಯಾನ್ವಾಸಿನ ಹುಡ್

ಪಿಕಪ್ ಹಿಂದೆ ಮಲಗಬೇಕು ಅಂದರೆ ತಲೆ ಮೇಲೊಂದು ಹುಡ್ ಬೇಕು. ಹುಡ್ ಅಂದ ಕೂಡಲೇ ಅಂಗಡಿಯಲ್ಲಿ ತೋರಿಸುವುದು ನೀಲಿ ಪ್ಲಾಸ್ಟಿಕ್ ಟಾರ್ಪಾಲು, ಇಲ್ಲವೇ ಲಾರಿಗೆ ಹೊದಿಸುವ ಪಿವಿಸಿ ಬಟ್ಟೆ. ಎರಡೂ ಮಳೆ ತಡೆಯುತ್ತವೆ, ಬೆಲೆಯೂ ಕಡಿಮೆ. ಆದರೆ ಅದರೊಳಗೆ ಒಂದು ರಾತ್ರಿ ಮಲಗಿ ನೋಡಿ. ಉಸಿರಿನ ಹಬೆಗೆ ಹೊರಗೆ ಹೋಗುವ ದಾರಿ ಇರುವುದಿಲ್ಲ. ಅದು ಬಟ್ಟೆಯ ಒಳಮೈಗೆ ಅಂಟಿಕೊಂಡು ಬೆಳಗಿನ ಜಾವಕ್ಕೆ ಹನಿಯಾಗಿ ಮುಖದ ಮೇಲೆ ಬೀಳುತ್ತದೆ. ಹೊರಗೆ ಒಂದು ಹನಿ ಮಳೆ ಬಂದಿರುವುದಿಲ್ಲ, ಒಳಗೆ ಹೊದಿಕೆಯೆಲ್ಲಾ ಒದ್ದೆ. ಮಲೆನಾಡಿನ ಚಳಿಗಾಲದಲ್ಲಂತೂ ಇದು ಇನ್ನೂ ಜಾಸ್ತಿ.

ಹತ್ತಿ ಕ್ಯಾನ್ವಾಸ್ ಹಾಗಲ್ಲ. ಒಣಗಿದ್ದಾಗ ಎಳೆಗಳ ನಡುವಿನ ಸಣ್ಣ ಸಂದುಗಳಿಂದ ಹಬೆ ಹೊರಗೆ ಹೋಗುತ್ತದೆ. ಮಳೆ ಬಿದ್ದಾಗ ಹತ್ತಿ ಎಳೆ ನೀರು ಹೀರಿ ಉಬ್ಬುತ್ತದೆ, ಸಂದುಗಳು ತಾವಾಗೇ ಮುಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್ ಯಾವಾಗಲೂ ಮುಚ್ಚಿಯೇ ಇರುತ್ತದೆ, ಹತ್ತಿ ಬೇಕಾದಾಗ ಮಾತ್ರ ಮುಚ್ಚುತ್ತದೆ. ನಾನು ಹತ್ತಿಯನ್ನೇ ಆರಿಸಿಕೊಂಡಿದ್ದು ಇದೊಂದೇ ಕಾರಣಕ್ಕೆ. ಮುಂದಿನ ಕೆಲಸವೆಲ್ಲಾ ಈ ಬಟ್ಟೆ ಕೇಳುವ ಎರಡು ಬೇಡಿಕೆಗಳ ಸುತ್ತಲೇ ನಡೆಯಿತು. ಒಂದು, ಬಟ್ಟೆ ಎಲ್ಲೂ ಜೋತು ಬೀಳದೆ ಬಿಗಿಯಾಗಿರಬೇಕು. ಎರಡು, ನೀರು ಎಲ್ಲೂ ನಿಲ್ಲದೆ ಇಳಿದು ಹೋಗಬೇಕು. ಇವೆರಡು ಸರಿಯಾಗಿದ್ದರೆ ಸಾದಾ ಕ್ಯಾನ್ವಾಸ್ ಕೂಡ ಚೆನ್ನಾಗಿ ಮಳೆ ತಡೆಯುತ್ತದೆ. ಇವು ತಪ್ಪಿದರೆ ಎಷ್ಟು ಮೇಣ ಬಳಿದರೂ ಸೋರುತ್ತದೆ.

ಗಾಡಿ ಹಳೇ ಟಾಟಾ ಮೊಬೈಲ್ 206. ಟಾಟಾ ಕಂಪನಿ 1988ರಲ್ಲಿ ಹೊರತಂದ ಪಿಕಪ್ ಇದು. ಸಿಯೆರಾ, ಎಸ್ಟೇಟ್, ಸುಮೋ ಮೂರೂ ಆಮೇಲೆ ಇದರ ಬೇರಿನಿಂದಲೇ ಬಂದವು. 1948 ಸಿಸಿ ಡೀಸೆಲ್ ಎಂಜಿನ್. ವೇಗ ಇಲ್ಲ, ಆದರೆ ನಿಧಾನಕ್ಕೆ ಓಡಿಸಿದರೆ ಕೈಕೊಡುವುದಿಲ್ಲ. ತೀರ್ಥಹಳ್ಳಿ ಸುತ್ತಮುತ್ತ ಅಡಿಕೆ, ಗೊಬ್ಬರ, ಹುಲ್ಲು ಎಲ್ಲಾ ಹೊತ್ತ ಗಾಡಿ. ನನ್ನ ಕೈಗೆ ಬರುವ ಮೊದಲೇ ಹಿಂದಿನ ಬಾಡಿಯನ್ನು ಯಾರೋ ಹೊಸದಾಗಿ ಕಟ್ಟಿಸಿದ್ದರು. ಆದ್ದರಿಂದ ನಾನು ಕೊಡುವ ಅಳತೆ ನಿಮ್ಮ ಗಾಡಿಗೆ ಹೊಂದದೆ ಇರಬಹುದು. ನನ್ನ ಬಾಡಿಯ ಒಳಗಿನ ಉದ್ದ 84 ಇಂಚು, ಅಗಲ 60 ಇಂಚು, ಪಕ್ಕದ ತಗಡಿನ ಎತ್ತರ 16 ಇಂಚು. ಇಬ್ಬರು ಕಾಲು ಚಾಚಿ ಮಲಗುವುದಕ್ಕೆ ಸಾಕು.

ಕೆಲಸಕ್ಕೆ ಮುಂಚೆ ಕಾನೂನಿನ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಹಾಗಾಗಿ ಬಾಡಿಯನ್ನು ಕತ್ತರಿಸಲಿಲ್ಲ, ಏನನ್ನೂ ಶಾಶ್ವತವಾಗಿ ಬೆಸೆಯಲಿಲ್ಲ. ಹುಡ್ ಪೂರ್ತಿ ಬಿಚ್ಚಿ ಇಡುವಂಥದ್ದು. ಗಾಡಿ ಓಡುವಾಗ ಹಿಂದೆ ಯಾರೂ ಕೂರುವಂತಿಲ್ಲ, ಅಲ್ಲಿ ಸಾಮಾನು ಮಾತ್ರ. ಗಾಡಿ ನಿಂತ ಮೇಲೆ ಮಲಗುವುದು. ಬಣ್ಣದ ಬಗ್ಗೆಯೂ ಒಂದು ಮಾತು. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಮಿಲಿಟರಿಯ ಆಲಿವ್ ಹಸಿರು ಬಣ್ಣವನ್ನು ಬೇರೆ ಗಾಡಿಗಳಿಗೆ ಬಳಿಯುವಂತಿಲ್ಲ. ನಿಯಮ ಹೇಳುವುದು ಪೇಂಟಿನ ವಿಷಯ, ಬಟ್ಟೆಯದ್ದಲ್ಲ. ಆದರೂ ದಾರಿಯಲ್ಲಿ ಸುಮ್ನೆ ವಾದ ಯಾಕೆ ಅಂತ ಬಣ್ಣ ಹಾಕದ ಬಿಳಿ ಕ್ಯಾನ್ವಾಸನ್ನೇ ತಂದೆ. ಬಿಸಿಲಲ್ಲಿ ಬಿಳಿ ಬಟ್ಟೆಯ ಒಳಗೆ ತಂಪು ಜಾಸ್ತಿ, ಅದೂ ಒಂದು ಲಾಭ.

ಕಮಾನು

ಬಹಳ ಜನ ಮೊದಲು ಬಟ್ಟೆ ತಂದು, ಆಮೇಲೆ ಅದಕ್ಕೆ ಪೈಪು ಬಗ್ಗಿಸುತ್ತಾರೆ. ನಾನು ಕಮಾನು ಪೂರ್ತಿ ನಿಲ್ಲಿಸಿ, ಗಾಡಿಯನ್ನು ಓಡಿಸಿ ನೋಡಿ, ಅದು ಅಲುಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಬಟ್ಟೆಯ ಅಳತೆ ತೆಗೆದೆ. ಬಟ್ಟೆ ಹೊಲಿದ ಮೇಲೆ ಕಮಾನನ್ನು ಒಂದಿಂಚು ಸರಿಸಿದರೂ ಎಲ್ಲೋ ಒಂದು ಕಡೆ ಜೋಲು ಬೀಳುತ್ತದೆ.

ಹೊರವ್ಯಾಸ ಒಂದಿಂಚಿನ, 16 ಗೇಜ್ ದಪ್ಪದ ಕಬ್ಬಿಣದ ಪೈಪು ತಂದೆ. ಜಿಐ, ಅಂದರೆ ಸತು ಲೇಪಿಸಿದ ಪೈಪು ಬೇಗ ತುಕ್ಕು ಹಿಡಿಯುವುದಿಲ್ಲ ಅಂತ ಅಂಗಡಿಯವರು ಹೇಳಿದರು. ಅದು ನಿಜವೇ. ಆದರೆ ಜಿಐ ಪೈಪಿಗೆ ವೆಲ್ಡಿಂಗ್ ಮಾಡುವಾಗ ಮೇಲಿನ ಸತು ಸುಟ್ಟು ಬಿಳೀ ಹೊಗೆ ಏಳುತ್ತದೆ. ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಕಬ್ಬಿಣದ ಪೈಪಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಮೇಲೆ ಎರಡು ಕೋಟ್ ಎನಾಮಲ್ ಪೇಂಟ್ ಕೊಟ್ಟರೆ ಸಾಕು. ಪೇಂಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ತುಕ್ಕು ತಗಲಿದ ಹತ್ತಿ ಕಲೆಯಾಗುವುದಷ್ಟೇ ಅಲ್ಲ, ಆ ಜಾಗದಲ್ಲಿ ಎಳೆಯೇ ಸವೆದು ಹರಿಯುತ್ತದೆ.

ನಾಲ್ಕು ಕಮಾನು, ನಡುವೆ 28 ಇಂಚಿನ ಅಂತರ. ಪಕ್ಕದ ತಗಡಿನ ಅಂಚಿನಿಂದ ಕಮಾನಿನ ಕಾಲು 20 ಇಂಚು ನೇರಕ್ಕೆ ಏರುತ್ತದೆ. ಅಲ್ಲಿಂದ ಬಾಗಿ, ನಡುಮಧ್ಯದಲ್ಲಿ ಇನ್ನೂ 14 ಇಂಚು ಎತ್ತರ. ಅಂದರೆ ಬಾಡಿಯ ನೆಲದಿಂದ ನೆತ್ತಿಗೆ 50 ಇಂಚು. 60 ಇಂಚು ಅಗಲಕ್ಕೆ 14 ಇಂಚು ಏರಿದರೆ ಬಾಗಿದ ಭಾಗದ ಉದ್ದ ಸುಮಾರು 68 ಇಂಚು ಬರುತ್ತದೆ. ತಗಡಿನ ಒಳಗೆ ಇಳಿಯುವ 12 ಇಂಚನ್ನೂ ಎರಡೂ ಕಡೆಗೆ ಸೇರಿಸಿದರೆ ಒಂದು ಕಮಾನಿಗೆ ಒಟ್ಟು 132 ಇಂಚು, ಸರಿಯಾಗಿ 11 ಅಡಿ. ಪೈಪು ಬರುವುದು 6 ಮೀಟರ್ ಉದ್ದದಲ್ಲಿ. ಒಂದು ಕಮಾನು ತೆಗೆದ ಮೇಲೆ 104 ಇಂಚು ಉಳಿಯುತ್ತದೆ. ಅದರಲ್ಲಿ 84 ಇಂಚಿನ ಒಂದು ಉದ್ದದ ಪೈಪು ಸಿಗುತ್ತದೆ, ಮೇಲೆ ಮಿಕ್ಕ 20 ಇಂಚು ಮೂಲೆಯ ಓರೆ ಆಸರೆಗೆ ಆಗುತ್ತದೆ. ನಾಲ್ಕು ಪೈಪಿನಲ್ಲಿ ಪೂರ್ತಿ ಚೌಕಟ್ಟು ಮುಗಿಯಿತು. ತೂಕ ಸುಮಾರು 20 ಕೆಜಿ.

ನೆತ್ತಿಯ ಎತ್ತರ ಯಾಕೆ ಇಷ್ಟು ಬೇಕು ಅಂದರೆ, ಬರೀ 5 ಇಂಚು ಏರಿಸಿದ ಚಪ್ಪಟೆ ಕಮಾನಿನ ಮೇಲೆ ನೀರು ನಿಲ್ಲುತ್ತದೆ. ನೀರು ನಿಂತರೆ ಬಟ್ಟೆ ಜೋಲುತ್ತದೆ, ಜೋತರೆ ಇನ್ನಷ್ಟು ನೀರು ನಿಲ್ಲುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದರ ತೂಕವೇ 50 ಕೆಜಿ. ಹೊಲಿಗೆ ಬಿಡುವುದು ಅಲ್ಲಿಂದಲೇ.

ಪೈಪು ಬಗ್ಗಿಸುವ ಕೆಲಸ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಯಿತು. ಮೊದಲು ಅಂಗಡಿಯ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಮಾನನ್ನು ನಿಜವಾದ ಅಳತೆಗೇ ಬರೆದುಕೊಂಡೆವು. ಪೈಪಿನೊಳಗೆ ಒಣ ಮರಳು ತುಂಬಿ, ಎರಡೂ ತುದಿಗೆ ಮರದ ಬಿರಡೆ ಜಡಿದರೆ ಬಗ್ಗಿಸುವಾಗ ಪೈಪು ನಜ್ಜಾಗುವುದಿಲ್ಲ. ಮರಳು ಪೂರ್ತಿ ಒಣಗಿರಬೇಕು. ಒದ್ದೆ ಮರಳು ತುಂಬಿದ ಪೈಪನ್ನು ಕಾಯಿಸಿದರೆ ಒಳಗಿನ ಹಬೆ ಬಿರಡೆಯನ್ನು ಗುಂಡಿನ ಹಾಗೆ ಎಸೆಯುತ್ತದೆ. ಬಗ್ಗಿಸಿ ಕೈಬಿಟ್ಟ ಕೂಡಲೇ ಪೈಪು ಸ್ವಲ್ಪ ವಾಪಸ್ ಬರುತ್ತದೆ, ಅದಕ್ಕೆ ಗೆರೆಗಿಂತ ಒಂದಿಷ್ಟು ಜಾಸ್ತಿಯೇ ಬಗ್ಗಿಸಬೇಕು. ಮೇಸ್ತ್ರಿಗೆ ಇದು ಕೈಗೆ ಹತ್ತಿದ ಲೆಕ್ಕ. "ನೀವು ಗೆರೆ ನೋಡ್ತಾ ಇರಿ ಸಾರ್, ನಾನು ಪೈಪ್ ನೋಡ್ತೀನಿ" ಅಂತ ನಾಲ್ಕೂ ಕಮಾನನ್ನು ಒಂದರ ಮೇಲೊಂದು ಇಟ್ಟರೆ ಕೂಡುವ ಹಾಗೆ ಬಗ್ಗಿಸಿ ಕೊಟ್ಟರು. ಅಂಥ ಕೆಲಸಗಾರರು ಊರಿಗೊಬ್ಬರು ಇದ್ದರೂ ಸಾಕು.

ಮುಂದಿನ ಕಮಾನಿನ ಕಾಲನ್ನು 4 ಇಂಚು ಗಿಡ್ಡ ಮಾಡಿಸಿದೆ. ಕ್ಯಾಬಿನ್‌ಗಿಂತ ಎದ್ದು ನಿಂತ ಹುಡ್ಡಿನ ಮುಂಭಾಗ ಗಾಳಿಯನ್ನು ಹಿಡಿಯುತ್ತದೆ. ಅಲ್ಲಿ ತಗ್ಗಿಸಿದರೆ ಗಾಳಿ ಮೇಲೆ ಜಾರಿ ಹೋಗುತ್ತದೆ, ನೀರೂ ಮುಂದಕ್ಕೆ ಇಳಿಯುತ್ತದೆ.

ಕಮಾನುಗಳನ್ನು ಜೋಡಿಸಲು ಉದ್ದಕ್ಕೆ ಮೂರು ಪೈಪು. ಒಂದು ನೆತ್ತಿಯ ಮೇಲೆ, ಎರಡು ಹೆಗಲ ಹತ್ತಿರ, ಅಂದರೆ ನೇರ ಕಾಲು ಬಾಗುವ ಜಾಗದಲ್ಲಿ. ಹೆಗಲ ಪೈಪನ್ನು ಬಹಳ ಜನ ಹಾಕುವುದಿಲ್ಲ. ಎರಡು ಕಮಾನುಗಳ ನಡುವೆ ಬಟ್ಟೆ ಒಳಕ್ಕೆ ಬೀಳುವುದು ಅಲ್ಲಿಯೇ, ಮಲಗಿದವರ ಭುಜ ತಾಗುವುದೂ ಅಲ್ಲಿಯೇ. ನನ್ನ ಕೇಳಿದರೆ ಒಂದು ಕಮಾನು ಕಡಿಮೆಯಾದರೂ ಪರವಾಗಿಲ್ಲ, ಹೆಗಲ ಪೈಪು ಇರಲೇಬೇಕು. ಇವನ್ನೆಲ್ಲಾ ಯು ಕ್ಲ್ಯಾಂಪ್ ಹಾಕಿ ಬಿಗಿದಿದ್ದೇನೆ. ನಟ್ಟುಗಳೆಲ್ಲಾ ಒಳಮುಖಕ್ಕೆ. ಹೊರಗೆ ಬಟ್ಟೆಗೆ ತಾಗುವ ಕಡೆ ಒಂದು ಚೂಪು ಅಂಚೂ ಇರಬಾರದು. ಕೈಯಲ್ಲೊಂದು ಹಳೇ ಪಂಚೆ ತುಂಡು ಹಿಡಿದು ಪೂರ್ತಿ ಚೌಕಟ್ಟಿನ ಮೇಲೆ ಸವರಿ, ಅದು ಸಿಕ್ಕಿಕೊಂಡ ಕಡೆಯಲ್ಲೆಲ್ಲಾ ಅರದಿಂದ ಉಜ್ಜಿದೆ.

ಕಾಲು ಕೂರುವುದಕ್ಕೆ ಒಂದು ಸೈಜ್ ದೊಡ್ಡ ಪೈಪಿನ ಗೂಡುಗಳನ್ನು ಮಾಡಿಸಿ, ತಗಡಿನ ಒಳಮೈಗೆ ಬೋಲ್ಟ್ ಹಾಕಿದೆ. ಗೂಡಿನ ತಳ ತೆರೆದೇ ಇರಬೇಕು. ಮುಚ್ಚಿದರೆ ನೀರು ನಿಂತು ಕಾಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಬ್ರೇಕ್ ಹಾಕಿದಾಗ ಕಮಾನುಗಳೆಲ್ಲಾ ಒಟ್ಟಿಗೆ ಮುಂದಕ್ಕೆ ವಾಲುತ್ತವೆ. ಅದನ್ನು ತಡೆಯುವುದು ಮೂಲೆಯ ಆ 20 ಇಂಚಿನ ಓರೆ ತುಂಡುಗಳು. ಅವನ್ನು ಹಾಕಿದ ಮೇಲೆ ಚೌಕಟ್ಟು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೂ ಜಗ್ಗಲಿಲ್ಲ.

ಬಟ್ಟೆ

ಶಿವಮೊಗ್ಗದಲ್ಲಿ 36 ಇಂಚು ಪನ್ನದ ದಪ್ಪ ಕ್ಯಾನ್ವಾಸ್ ಸಿಕ್ಕಿತು. 12 ಔನ್ಸ್ ಅಂತ ಕರೆಯುವ ಬಟ್ಟೆ, ಒಂದು ಚದರ ಮೀಟರ್‌ಗೆ ಸುಮಾರು 400 ಗ್ರಾಂ. ಇದಕ್ಕಿಂತ ತೆಳುವಾದರೆ ಗಾಳಿಗೆ ಪಟಪಟ ಬಡಿಯುತ್ತದೆ. ಇದಕ್ಕಿಂತ ದಪ್ಪವಾದರೆ ಹೊಲಿಯುವುದೂ ಕಷ್ಟ, ಮಡಿಸುವುದೂ ಕಷ್ಟ. 20 ಮೀಟರ್ ತಂದೆ.

ತಂದ ಬಟ್ಟೆಯನ್ನು ಹಾಗೇ ಕತ್ತರಿಸಬಾರದು. ಹೊಸ ಕ್ಯಾನ್ವಾಸ್ ತುಂಬ ಗಂಜಿ ಇರುತ್ತದೆ. ಬೂಸ್ಟಿಗೆ ಗಂಜಿ ಅಂದರೆ ಊಟ. ಮೇಲಾಗಿ ಮೊದಲ ಸಲ ನೆಂದಾಗ ಹತ್ತಿ ಕುಗ್ಗುತ್ತದೆ. ಒಂದು ಮೀಟರ್ ಚೌಕದ ತುಂಡಿಗೆ ಗುರುತು ಹಾಕಿ ನೆನೆಸಿ ಒಣಗಿಸಿ ಅಳೆದೆ. ಉದ್ದಕ್ಕೆ 4 ಸೆಂಟಿಮೀಟರ್, ಅಡ್ಡಕ್ಕೆ 2 ಸೆಂಟಿಮೀಟರ್ ಕಡಿಮೆಯಾಗಿತ್ತು. ಹೊಲಿದ ಮೇಲೆ ಇಷ್ಟು ಕುಗ್ಗಿದರೆ ಹುಡ್ ತಗಡಿನ ಅಂಚನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಪೂರ್ತಿ ಬಟ್ಟೆಯನ್ನು ಮನೆಯ ಸಿಮೆಂಟ್ ತೊಟ್ಟಿಯಲ್ಲಿ ರಾತ್ರಿಯಿಡೀ ನೆನೆಸಿ, ನೀರು ತಿಳಿಯಾಗುವ ತನಕ ತುಳಿದು ತೊಳೆದೆವು. ನೆಂದ ಕ್ಯಾನ್ವಾಸ್ ಎತ್ತಲು ಇಬ್ಬರು ಬೇಕು. ಅಡಿಕೆ ಒಣಗಿಸುವ ಅಂಗಳದಲ್ಲೇ ಅದನ್ನೂ ಹರವಿದೆವು.

ಇನ್ನು ನೀರು ಹಿಡಿಯದ ಹಾಗೆ ಮಾಡುವುದು. ಇದಕ್ಕೆ ಬಹಳ ಹಳೆಯ, ಅಗ್ಗದ ದಾರಿಯೊಂದಿದೆ. ಸೋಪು ಮತ್ತು ಪಟಿಕ. 8 ಲೀಟರ್ ಬಿಸಿನೀರಿಗೆ ಅರ್ಧ ಕೆಜಿ ಬಟ್ಟೆ ಸೋಪನ್ನು ತುರಿದು ಕರಗಿಸಿ, ಅದರಲ್ಲಿ ಬಟ್ಟೆಯನ್ನು ಚೆನ್ನಾಗಿ ನೆನೆಸಿ ಹಿಂಡಬೇಕು. ಆಮೇಲೆ ಇನ್ನೊಂದು ಪಾತ್ರೆಯಲ್ಲಿ 8 ಲೀಟರ್ ನೀರಿಗೆ ಅರ್ಧ ಕೆಜಿ ಪಟಿಕ ಕರಗಿಸಿ, ಅದರಲ್ಲಿ ಅದ್ದಬೇಕು. ಪಟಿಕದಲ್ಲಿರುವ ಅಲ್ಯೂಮಿನಿಯಂ ಸೋಪಿನ ಜೊತೆ ಕೂಡಿ, ನೀರಿನಲ್ಲಿ ಕರಗದ ಇನ್ನೊಂದು ಸೋಪಾಗುತ್ತದೆ. ಇದು ಎಳೆಯ ಮೇಲೆ ಬರೀ ಬಳಿದ ಹಾಗೆ ಇರುವುದಿಲ್ಲ, ಎಳೆಯ ಒಳಗೇ ಕೂರುತ್ತದೆ. ಸಂದುಗಳು ಮಾತ್ರ ತೆರೆದೇ ಇರುತ್ತವೆ. ಅಂದರೆ ಬಟ್ಟೆ ಉಸಿರಾಡುತ್ತದೆ, ನೀರಿನ ಹನಿ ಉರುಳಿ ಹೋಗುತ್ತದೆ. ಒಂದು ಎಚ್ಚರ. ಇದಕ್ಕೆ ನಿಜವಾದ ಬಾರ್ ಸೋಪೇ ಬೇಕು, ಡಿಟರ್ಜೆಂಟ್ ಪುಡಿಯಿಂದ ಈ ಕೆಲಸ ಆಗುವುದಿಲ್ಲ. ನಾಲ್ಕೈದು ಮೀಟರಿನ ತುಂಡು ಮಾಡಿಕೊಂಡು, ನೀರು ಬದಲಾಯಿಸುತ್ತಾ ಅದ್ದಿದರೆ ಎಲ್ಲಾ ಕಡೆಗೂ ಸಮ ಹಿಡಿಯುತ್ತದೆ.

ಮೇಣ ಬೇಕೇ ಬೇಡವೇ ಅಂತ ತುಂಬ ಜನ ಕೇಳುತ್ತಾರೆ. ಮೇಣ ಹಾಕಿದಷ್ಟೂ ನೀರು ತಡೆಯುತ್ತದೆ, ಆದರೆ ಉಸಿರಾಟ ಕಡಿಮೆಯಾಗುತ್ತದೆ. ನಾನು ನೆತ್ತಿಯಿಂದ ಎರಡೂ ಹೆಗಲ ತನಕ ಮಾತ್ರ ತೆಳ್ಳಗೆ ಮೇಣ ಕೊಟ್ಟಿದ್ದೇನೆ. ಪಕ್ಕ, ಹಿಂದೆ, ಮುಂದೆ ಬರೀ ಸೋಪು ಪಟಿಕ. ಮೇಣದ ಕೆಲಸ ಹೊಲಿಗೆ ಮುಗಿದ ಮೇಲೆ, ಇಲ್ಲದಿದ್ದರೆ ಸೂಜಿ ಅಂಟಂಟಾಗುತ್ತದೆ.

ಹೊಲಿಗೆ

ಬಟ್ಟೆಯ ಪಟ್ಟಿಗಳನ್ನು ಗಾಡಿಯ ಉದ್ದಕ್ಕೆ ಜೋಡಿಸುವುದೋ ಅಡ್ಡಕ್ಕೋ? ಉದ್ದಕ್ಕೆ ಜೋಡಿಸಿದರೆ ಪ್ರತಿಯೊಂದು ಹೊಲಿಗೆಯೂ ಇಳಿಯುವ ನೀರಿಗೆ ಅಡ್ಡ ಬರುತ್ತದೆ. ನೀರು ಹೊಲಿಗೆಯ ಮೇಲೆ ತಡೆದು ನಿಂತು, ಸೂಜಿಯ ತೂತಿನಲ್ಲಿ ಇಣುಕುತ್ತದೆ. ಅಡ್ಡಕ್ಕೆ ಹಾಕಿದರೆ, ಅಂದರೆ ಒಂದು ಪಕ್ಕದಿಂದ ನೆತ್ತಿ ದಾಟಿ ಇನ್ನೊಂದು ಪಕ್ಕಕ್ಕೆ ಪಟ್ಟಿ ಹೋದರೆ, ನೀರು ಹೊಲಿಗೆಯ ಗುಂಟ ಇಳಿದುಬಿಡುತ್ತದೆ. ಹಾಗೇ ಮಾಡಿದೆ. ತಲಾ 130 ಇಂಚಿನ ಮೂರು ಪಟ್ಟಿ. ಕಮಾನಿನ ಮೈ ಸುತ್ತ 108 ಇಂಚು, ಎರಡೂ ಕಡೆ ತಗಡಿನ ಹೊರಗೆ ಇಳಿಯಲು 8 ಇಂಚು, ಅಂಚು ಮಡಿಸಲು 3 ಇಂಚು. ಬಟ್ಟೆ ತಗಡಿನ ಹೊರಗೇ ಇಳಿಯಬೇಕು. ಒಳಗೆ ತೂರಿಸಿದರೆ ಮಳೆನೀರೆಲ್ಲಾ ಹಾಸಿಗೆಗೆ ಬರುತ್ತದೆ.

ಮನೆಯ ಹೊಲಿಗೆ ಯಂತ್ರ ಎರಡು ಪದರ ಕ್ಯಾನ್ವಾಸನ್ನು ಹೇಗೋ ಹೊಲಿದೀತು. ಆದರೆ ಇಲ್ಲಿ ಹಾಕುವುದು ಮಡಿಕೆ ಹೊಲಿಗೆ. ಎರಡು ಅಂಚನ್ನು ಒಂದರೊಳಗೊಂದು ಸಿಕ್ಕಿಸಿ ಮಡಚಿ, ಮೇಲೆ ಎರಡು ಸಾಲು ಹೊಲಿಯುವುದು. ಹೀಗೆ ಮಾಡಿದರೆ ಬಟ್ಟೆಯ ಕತ್ತರಿಸಿದ ಅಂಚು ಎಲ್ಲೂ ಹೊರಗೆ ಕಾಣುವುದಿಲ್ಲ. ಇದರಲ್ಲಿ ನಾಲ್ಕು ಪದರ ಆಗುತ್ತದೆ. ಅಂಚು ಮಡಿಸುವ ಜಾಗದಲ್ಲಿ ಎರಡು ಮಡಿಕೆ ಸೇರಿ ಹತ್ತು ಹನ್ನೆರಡು ಪದರ ಆಗಿಬಿಡುತ್ತದೆ. ಅದಕ್ಕೆ ಸೀಟ್ ಕವರ್ ಹೊಲಿಯುವ ದೊಡ್ಡ ಯಂತ್ರವೇ ಬೇಕು. ಅದರಲ್ಲಿ ಕೆಳಗಿನ ಹಲ್ಲಿನ ಜೊತೆ ಮೇಲಿನ ಪಾದವೂ ಬಟ್ಟೆಯನ್ನು ತಳ್ಳುತ್ತದೆ. ಹಾಗಾಗಿ ಮೇಲಿನ ಪದರ ಹಿಂದೆ ಬೀಳುವುದಿಲ್ಲ. ಊರಿನ ಕುಶನ್ ಅಂಗಡಿಯ ಯಜಮಾನರು ಕೆಲಸ ಕಡಿಮೆ ಇದ್ದಾಗ ಯಂತ್ರ ಬಿಟ್ಟುಕೊಟ್ಟರು. ಉದ್ದದ ಹೊಲಿಗೆಯಲ್ಲಿ ನಾನು ಯಂತ್ರದ ಮುಂದೆ, ಅವರು ಹಿಂದೆ ನಿಂತು ಬಟ್ಟೆ ಹಿಡಿಯುತ್ತಿದ್ದರು.

"ಸಣ್ಣ ಹೊಲಿಗೆ ಗಟ್ಟಿ ಅಂತ ಅಂದ್ಕೋಬೇಡಿ" ಅಂದರು. "ತೂತು ಜಾಸ್ತಿ ಆದಷ್ಟು ಬಟ್ಟೆ ಅಲ್ಲೇ ಹರಿಯುತ್ತೆ." ಅವರ ಮಾತಿನಂತೆ ಇಂಚಿಗೆ ಆರು ಹೊಲಿಗೆ ಇಟ್ಟೆವು. ದಾರಕ್ಕೆ ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ್ದನ್ನು ಹುಡುಕಿ ತಂದೆ. ಪಾಲಿಯೆಸ್ಟರ್ ಬಲ ಕೊಡುತ್ತದೆ, ಮೇಲಿನ ಹತ್ತಿ ನೆಂದಾಗ ಉಬ್ಬಿ ಸೂಜಿಯ ತೂತನ್ನು ತುಂಬುತ್ತದೆ. ನೈಲಾನ್ ದಾರ ಬೇಡ. ಬಿಸಿಲಿಗೆ ಅದು ಬೇಗ ಪುಡಿಯಾಗುತ್ತದೆ.

ಕಮಾನು ತಾಗುವ ನಾಲ್ಕೂ ಗೆರೆಗಳಲ್ಲಿ ಒಳಗಿನಿಂದ 4 ಇಂಚಿನ ಪಟ್ಟಿ ಹೊಲಿದಿದ್ದೇನೆ. ಸವೆಯುವುದು ಆ ಪಟ್ಟಿ, ಹುಡ್ ಅಲ್ಲ. ಮೂಲೆಗಳಲ್ಲಿ ಯಂತ್ರ ಹೋಗದ ಕಡೆ ದಬ್ಬಳ ಹಿಡಿದು, ಜೇನುಮೇಣ ಸವರಿದ ದಾರದಲ್ಲಿ ಕೈಹೊಲಿಗೆ ಹಾಕಿದೆ. ಮೇಣ ಸವರಿದ ದಾರ ಗಂಟು ಬೀಳುವುದಿಲ್ಲ, ಸಲೀಸಾಗಿ ಜಾರುತ್ತದೆ.

ಅಂಚಿನ ಗುಂಟ 8 ಇಂಚಿಗೊಂದು ಹಿತ್ತಾಳೆ ಐಲೆಟ್, ಅಂದರೆ ಹಗ್ಗ ಪೋಣಿಸುವ ತೂತಿನ ಬಳೆ. ಕಬ್ಬಿಣದ್ದು ಅಗ್ಗ, ಆದರೆ ಒಂದೇ ಮಳೆಗಾಲಕ್ಕೆ ಸುತ್ತ ಕಂದು ಕಲೆ ಬರುತ್ತದೆ. ಐಲೆಟ್ ಕೂರುವ ಕಡೆ ಬಟ್ಟೆ ಕನಿಷ್ಠ ಮೂರು ಪದರ ಇರಬೇಕು, ಇಲ್ಲದಿದ್ದರೆ ಹಗ್ಗ ಎಳೆದಾಗ ಕಿತ್ತು ಬರುತ್ತದೆ. ಬಾಡಿಯ ಹೊರಗೆ ಹಗ್ಗ ಕಟ್ಟುವ ಕೊಕ್ಕೆಗಳು ಮೊದಲೇ ಇದ್ದವು, ಅವೇ ಸಾಕಾದವು.

ಹಿಂದಿನ ಬಾಗಿಲಿಗೆ ಜಿಪ್ ಹಾಕಲಿಲ್ಲ. ಧೂಳು ಹೊಕ್ಕರೆ ಜಿಪ್ ಹಾಳು, ಹಾಳಾದರೆ ದಾರಿಯಲ್ಲಿ ರಿಪೇರಿ ಆಗುವುದಿಲ್ಲ. ಅದರ ಬದಲು ಮಿಲಿಟರಿ ಡೇರೆಗಳಲ್ಲಿ ಇರುವ ಕುಣಿಕೆ ಕಟ್ಟು ಹಾಕಿದೆ. ಒಂದು ಪರದೆಯ ಅಂಚಿನಲ್ಲಿ ಸಾಲಾಗಿ ಹಗ್ಗದ ಕುಣಿಕೆಗಳು, ಇನ್ನೊಂದರಲ್ಲಿ ಐಲೆಟ್ಟುಗಳು. ಮೇಲಿನ ಕುಣಿಕೆಯನ್ನು ಐಲೆಟ್‌ನಲ್ಲಿ ಹೊರಗೆ ತೆಗೆದು ಕೆಳಕ್ಕೆ ಎಳೆಯಬೇಕು. ಅದರ ಕೆಳಗಿನ ಕುಣಿಕೆ ತನ್ನ ಐಲೆಟ್ ದಾಟಿ ಬಂದು ಮೇಲಿನ ಕುಣಿಕೆಯೊಳಗೂ ಹಾಯಬೇಕು. ಹೀಗೆ ಸರಪಳಿಯಾಗಿ ಇಳಿದು, ಕೊನೆಯದೊಂದನ್ನು ಮಾತ್ರ ಗಂಟು ಹಾಕಿದರಾಯಿತು. ಬಿಚ್ಚಬೇಕಾದರೆ ಆ ಒಂದು ಗಂಟು ಬಿಚ್ಚಿ ಎಳೆದರೆ ಸಾಕು, ಪೂರ್ತಿ ಬಾಗಿಲು ಸರ್ರನೆ ತೆರೆದುಕೊಳ್ಳುತ್ತದೆ. ನನಗೆ ಇಡೀ ಹುಡ್ಡಿನಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಎರಡೂ ಪಕ್ಕಕ್ಕೆ ಒಂದೊಂದು ಕಿಟಕಿ, ಒಳಗೆ ಸೊಳ್ಳೆ ಪರದೆ, ಹೊರಗೆ ಸುತ್ತಿ ಕಟ್ಟುವ ಮುಚ್ಚಳ. ಮುಂಭಾಗದ ಮೇಲ್ತುದಿಯಲ್ಲಿ ಒಂದು ಅಡಿ ಅಗಲದ ಗಾಳಿಕಂಡಿ. ಬೆಚ್ಚಗಿನ ಗಾಳಿ ಮೇಲೇರುತ್ತದೆ, ಅದು ಹೊರಬೀಳಲು ದಾರಿ ಮೇಲೆಯೇ ಇರಬೇಕು.

ಮೇಣ

ಪ್ಯಾರಾಫಿನ್ ಮೇಣ ಮೂರು ಪಾಲು, ಜೇನುಮೇಣ ಒಂದು ಪಾಲು. ಬರೀ ಪ್ಯಾರಾಫಿನ್ ಆದರೆ ಚಳಿಗೆ ಬಿರುಕು ಬಿಟ್ಟು ಉದುರುತ್ತದೆ. ಜೇನುಮೇಣ ಸೇರಿದರೆ ಬಾಗುತ್ತದೆ. ಒಂದು ಪಾತ್ರೆಯಲ್ಲಿ ಕುದಿಯುವ ನೀರು, ಅದರೊಳಗೆ ಇನ್ನೊಂದು ಪಾತ್ರೆಯಲ್ಲಿ ಮೇಣ. ನೇರ ಉರಿಯ ಮೇಲೆ ಇಡಲೇಬಾರದು, ಹೊತ್ತಿಕೊಳ್ಳುತ್ತದೆ. ಹುಡ್ಡನ್ನು ಗಾಡಿಯ ಮೇಲೇ ಬಿಗಿದು, ನಡುಮಧ್ಯಾಹ್ನದ ಬಿಸಿಲಲ್ಲಿ ಅಗಲದ ಬ್ರಷ್ಷಿನಿಂದ ತೆಳ್ಳಗೆ ಬಳಿದೆ. ಬಿಸಿಲಿಗೆ ಮೇಣ ತಾನಾಗೇ ಒಳಗೆ ಇಳಿಯಿತು. ಬಿಳಿ ಬಿಳಿಯಾಗಿ ಉಳಿದ ಕಡೆ ಹೀಟ್ ಗನ್ ಹಿಡಿದೆ.

ಮೇಣ ಹಾಕಿದ ಹತ್ತಿ ಬಹಳ ಬೇಗ ಉರಿಯುತ್ತದೆ. ಒಳಗೆ ಸ್ಟೌ ಬೇಡ, ದೀಪ ಬೇಡ, ಸೊಳ್ಳೆ ಬತ್ತಿಯೂ ಬೇಡ. ಬೆಳಕಿಗೆ ಒಂದು 12 ವೋಲ್ಟಿನ ಎಲ್‌ಇಡಿ ಪಟ್ಟಿ, ಫ್ಯೂಸ್ ಹಾಕಿ ಬ್ಯಾಟರಿಯಿಂದ ಎಳೆದಿದ್ದೇನೆ. ಇನ್ನೊಂದು ಎಚ್ಚರ ಹೊಗೆಯದ್ದು. ಹಿಂದಿನ ಪರದೆ ತೆರೆದು ಗಾಡಿ ಓಡಿಸಿದರೆ, ಹಿಂದೆ ಸುಳಿಯುವ ಗಾಳಿ ಸೈಲೆನ್ಸರ್ ಹೊಗೆಯನ್ನು ಹುಡ್ಡಿನ ಒಳಕ್ಕೆ ಎಳೆಯುತ್ತದೆ. ಹಾಸಿಗೆಯೆಲ್ಲಾ ಡೀಸೆಲ್ ವಾಸನೆ. ಓಡುವಾಗ ಹಿಂದೆ ಮುಚ್ಚಿರಬೇಕು. ನಿಂತಾಗ ಹಿಂದೆ ಯಾರಾದರೂ ಮಲಗಿದ್ದರೆ ಎಂಜಿನ್ ಚಾಲೂ ಇಡಲೇಬಾರದು, ಆ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಮಳೆಯಲ್ಲಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಮಳೆಗೆ ಅಂತ ಈ ಹುಡ್ ಮಾಡಿದ್ದಲ್ಲ. ವಾರಗಟ್ಟಲೆ ಒಣಗದ ಹತ್ತಿ ಯಾವುದೂ ಉಳಿಯುವುದಿಲ್ಲ. ನಾನು ಪರೀಕ್ಷೆ ಮಾಡಿದ್ದು ಚಿತ್ತಾ ಮಳೆಯಲ್ಲಿ. ಸಂಜೆ ಗುಡುಗಿ, ಒಂದೆರಡು ಗಂಟೆ ಜೋರಾಗಿ ಸುರಿದು, ಬೆಳಿಗ್ಗೆ ಬಿಸಿಲು ಬರುವ ಮಳೆ. ಕಳಸದ ಹತ್ತಿರ ಸ್ನೇಹಿತರ ತೋಟದಲ್ಲಿ ಗಾಡಿ ನಿಲ್ಲಿಸಿ ಮಲಗಿದೆವು.

ಮೊದಲ ಐದು ನಿಮಿಷ ಒಳಗೆ ಸಣ್ಣ ತುಂತುರು ಬಿದ್ದ ಹಾಗೆ ಅನ್ನಿಸಿತು. ಇದು ಮೇಣ ಇಲ್ಲದ ಪಕ್ಕಗಳಲ್ಲಿ ಎಳೆ ಉಬ್ಬುವ ತನಕ ಇರುವಂಥದ್ದು. ಆಮೇಲೆ ನಿಂತಿತು. ಬಟ್ಟೆ ಬಿಗಿಯಾಯಿತು, ಮಳೆಯ ಸದ್ದೂ ಬದಲಾಯಿತು. ಎಡ ಹೆಗಲಲ್ಲಿ ಒಂದು ಕಡೆ ಹೊಲಿಗೆಯ ತೂತಿನಿಂದ ಹನಿ ಇಳಿಯುತ್ತಿತ್ತು. ಬೆಳಿಗ್ಗೆ ಒಣಗಿದ ಮೇಲೆ ಅಲ್ಲಿಗೆ ಜೇನುಮೇಣದ ಗಟ್ಟಿ ಉಜ್ಜಿ, ಹೆಬ್ಬೆರಳಿನಿಂದ ತಿಕ್ಕಿದೆ. ಮತ್ತೆ ಸೋರಿಲ್ಲ.

ಮಗಳು ಮಲಗಿದಲ್ಲಿಂದಲೇ ನೆಂದ ಬಟ್ಟೆಯನ್ನು ಬೆರಳಿನಿಂದ ಮುಟ್ಟಿದಳು. ಮುಟ್ಟಿದ ಜಾಗದಿಂದ ಹನಿ ಶುರುವಾಯಿತು. ಹತ್ತಿ ಬಟ್ಟೆಯಲ್ಲಿ ಹೀಗಾಗುತ್ತದೆ. ಹೊರಮೈಯ ನೀರನ್ನು ಬಟ್ಟೆ ಬಿಗಿಯಾಗಿ ಹಿಡಿದಿರುತ್ತದೆ, ಒಳಗಿನಿಂದ ಬೆರಳು ತಾಗಿದರೆ ನೀರಿಗೆ ಇಳಿಯಲು ದಾರಿ ಸಿಗುತ್ತದೆ. ಇದಕ್ಕೆ ಪರಿಹಾರವೂ ಸುಲಭ. ಹನಿಯುವ ಜಾಗದಿಂದ ಬೆರಳನ್ನು ಬಟ್ಟೆಯ ಮೇಲೇ ಎಳೆಯುತ್ತಾ ಕೆಳಗಿನ ಅಂಚಿನ ತನಕ ಗೆರೆ ಎಳೆಯಬೇಕು. ನೀರು ಹನಿಯುವುದು ಬಿಟ್ಟು ಆ ಗೆರೆಯ ಗುಂಟ ಇಳಿಯುತ್ತದೆ. ಅವಳೇ ಎಳೆದಳು, ನಿಂತಿತು. ಆಮೇಲೆ ಸಾಮಾನು, ದಿಂಬು ಯಾವುದೂ ಬಟ್ಟೆಗೆ ತಾಗದ ಹಾಗೆ ಜರುಗಿಸಿದೆವು.

ಬೆಳಿಗ್ಗೆ ಹೊದಿಕೆ ಒಣಗಿಯೇ ಇತ್ತು. ಹೊರಗೆ ಹುಲ್ಲಿನ ಮೇಲೆ ಕಾಲಿಟ್ಟರೆ ರಕ್ತ ಹೀರುವ ಇಂಬಳ. ನೆಲದ ಡೇರೆಗಿಂತ ಗಾಡಿಯ ಮೇಲೆ ಮಲಗುವುದು ಮಲೆನಾಡಿಗೆ ಎಷ್ಟು ಒಳ್ಳೆಯದು ಅಂತ ಆಗ ಗೊತ್ತಾಗುತ್ತದೆ.

ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ದಾಟಿದರೆ ಎರಡನೇ ಮತ್ತು ಮೂರನೇ ಕಮಾನಿನ ನಡುವೆ ಬಟ್ಟೆ ಉಬ್ಬಿ ಬಡಿಯುತ್ತಿತ್ತು. ಅದಕ್ಕೆ ಒಂದು ಪಕ್ಕದ ಕೊಕ್ಕೆಯಿಂದ ಇನ್ನೊಂದು ಪಕ್ಕಕ್ಕೆ, ಹುಡ್ಡಿನ ಮೇಲಿಂದ ಅಗಲದ ಹತ್ತಿ ಬೆಲ್ಟ್ ಹಾಕಿ ಬಕಲ್ ಬಿಗಿದೆ. ಸದ್ದು ನಿಂತಿತು. ಮಳೆ ಬರುವಾಗ ಹಗ್ಗ ಮತ್ತು ಬೆಲ್ಟನ್ನು ಒಂದಿಷ್ಟು ಸಡಿಲ ಮಾಡಬೇಕು. ಹತ್ತಿ ಹಗ್ಗವೂ ನೆಂದಾಗ ಕುಗ್ಗುತ್ತದೆ, ಐಲೆಟ್ ಮೇಲೆ ಭಾರ ಬೀಳುತ್ತದೆ.

ಹಾಸಿಗೆಯ ವಿಷಯ ಹೆಚ್ಚೇನಿಲ್ಲ. 12 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ ಮೂರು ತುಂಡು, ಕೆಳಗೆ 12 ಇಂಚು ಎತ್ತರದ ಪೆಟ್ಟಿಗೆಗಳು, ಮೇಲೆ ತೆಂಗಿನ ನಾರಿನ ತೆಳು ಹಾಸಿಗೆ. ನೆತ್ತಿಯ ಕೆಳಗೆ ಇನ್ನೂ ಮೂರಡಿ ಮಿಕ್ಕುತ್ತದೆ, ಕೂತು ಕಾಫಿ ಕುಡಿಯಬಹುದು. ಪ್ಲೈವುಡ್‌ಗೆ ಅಲ್ಲಲ್ಲಿ ಒಂದಿಂಚಿನ ತೂತು ಕೊರೆದಿದ್ದೇನೆ. ಇಲ್ಲದಿದ್ದರೆ ಹಾಸಿಗೆಯ ತಳ ಬೆವರುತ್ತದೆ.

ಪೈಪು, ಬಟ್ಟೆ, ಐಲೆಟ್, ಮೇಣ, ವೆಲ್ಡಿಂಗ್ ಕೂಲಿ, ಹೊಲಿಗೆ ಯಂತ್ರದ ಬಾಡಿಗೆ ಎಲ್ಲಾ ಸೇರಿ 20,000 ರೂಪಾಯಿಯೊಳಗೆ ಮುಗಿಯಿತು. ಪ್ಲೈವುಡ್ ಮನೆಯಲ್ಲೇ ಇತ್ತು.

ಇನ್ನು ಇಡುವ ಕ್ರಮ. ನೆಂದ ಹುಡ್ಡನ್ನು ಮಡಿಸಿ ಇಟ್ಟರೆ ಎರಡು ಮೂರು ದಿನದಲ್ಲೇ ಕಪ್ಪು ಚುಕ್ಕೆ ಬೀಳುತ್ತದೆ, ಆ ಬೂಸ್ಟು ಮತ್ತೆ ಹೋಗುವುದಿಲ್ಲ. ಮಳೆಯಲ್ಲಿ ಮನೆಗೆ ಬಂದರೆ ಗಾಡಿಯ ಮೇಲೇ ಬಿಟ್ಟು, ಎಲ್ಲಾ ಕಿಟಕಿ ತೆರೆದು ಒಣಗಿಸಿ. ಮುಂಗಾರು ಹಿಡಿಯುವ ಮೊದಲೇ ಹುಡ್ ಬಿಚ್ಚಿ, ಒಂದು ದಿನ ಪೂರ್ತಿ ಬಿಸಿಲು ಕೊಟ್ಟು, ಮಡಿಕೆ ಹಾಕದೆ ಸುರುಳಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಅಲ್ಲಿ ಶಾಖ ಇರುತ್ತದೆ, ಇಲಿ ಬರದ ಹಾಗೆ ಮಾತ್ರ ನೋಡಿಕೊಳ್ಳಬೇಕು. ಕಮಾನುಗಳನ್ನು ಗೂಡಿನಿಂದ ಎತ್ತಿ, ಪೇಂಟ್ ಎದ್ದ ಕಡೆ ರೆಡ್ ಆಕ್ಸೈಡ್ ಮುಟ್ಟಿಸುವುದೂ ಆಗಲೇ. ನೆತ್ತಿಗೆ ಮತ್ತೆ ಮೇಣ ಬೇಕೋ ಬೇಡವೋ ಅಂತ ನೋಡಲು ಒಂದು ಚೊಂಬು ನೀರು ಸುರಿದರಾಯಿತು. ಹನಿಯಾಗಿ ಉರುಳಿದರೆ ಇನ್ನೊಂದು ವರ್ಷ ನಡೆಯುತ್ತದೆ. ನೀರು ಹರಡಿ ಬಟ್ಟೆ ಕಪ್ಪಗಾದರೆ ಆ ಜಾಗಕ್ಕೆ ಮಾತ್ರ ಮತ್ತೆ ಬಳಿಯಿರಿ.